ಒಂದೇ ಹಳಿ, ಹಲವು ಸ್ಟೇಷನ್, ಒಂದು ಗುಂಡು

ಧಾರವಾಡದ ಕರ್ನಾಟಕ ಕಾಲೇಜಿನ ಮುಖ್ಯ ಕಟ್ಟಡದಲ್ಲಿ ಮೊದಲು ಕೂತವರು ರೈಲ್ವೆ ಗುಮಾಸ್ತರು. 1917ರಲ್ಲಿ ಕಾಲೇಜು ಹುಟ್ಟುವುದಕ್ಕೆ ಎಷ್ಟೋ ಮುಂಚೆ ಅದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೇಂದ್ರ ಕಚೇರಿಯಾಗಿತ್ತು. ಎಂಜಿನ್ನು ಬಿಚ್ಚಿ ಜೋಡಿಸುವ ಕೆಲಸ ಹುಬ್ಬಳ್ಳಿಯಲ್ಲಿ, 1885ರಲ್ಲಿ ಶುರುವಾದ ವರ್ಕ್‌ಶಾಪಿನಲ್ಲಿ. ಹತ್ತಿಯ ಅಂಡಿಗೆ ವ್ಯಾಗನ್ನು ಹತ್ತುತ್ತಿದ್ದದ್ದು ಹುಬ್ಬಳ್ಳಿ, ಗದಗಿನಲ್ಲಿ. ಹುಕುಂ ಮಾತ್ರ ಹುಬ್ಬಳ್ಳಿಯಿಂದ 20 ಕಿಲೋಮೀಟರು ಆಚೆಯ ಧಾರವಾಡದಿಂದ. ಪೇಟೆ ಅವರಿಗೆ, ಕಚೇರಿ ಇವರಿಗೆ ಎಂಬ ಈ ಪಾಲು 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಸೇರಿ ಒಂದೇ ಮಹಾನಗರಪಾಲಿಕೆಯಾದ ಮೇಲೂ ಪೂರ್ತಿ ಅಳಿಸಿಲ್ಲ.

ಆ ಕಚೇರಿಯನ್ನು ಕಾಡಿದ್ದ ಪ್ರಶ್ನೆಯೊಂದು ಶತಮಾನ ದಾಟಿ ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯನ್ನೂ ಹಿಡಿಯಿತು. ದೂರ ದೂರದಲ್ಲಿ ಕೂತ ಹಲವರು ಒಂದೇ ಕೆಲಸ ಮಾಡುತ್ತಿರುವಾಗ, ಈ ಕ್ಷಣ ಯಾವುದು ಯಾರ ವಶದಲ್ಲಿದೆ ಎಂಬ ಸಂಗತಿಯನ್ನು ಎಲ್ಲಿ ಇಡಬೇಕು? ರೈಲಿನವರಿಗೆ ಅದು ಹಳಿಯ ಪ್ರಶ್ನೆ. ಹುಡುಕಾಟದ ಸರ್ವರುಗಳನ್ನು ನಡೆಸುವವರಿಗೆ ಅದು ಸೂಚಿಯ ತುಂಡುಗಳ ಪ್ರಶ್ನೆ. ಇಬ್ಬರೂ ಬೇರೆ ಬೇರೆ ದಾರಿಯಿಂದ ಹೆಚ್ಚುಕಡಿಮೆ ಒಂದೇ ಉತ್ತರಕ್ಕೆ ಬಂದರು, ರೈಲಿನವರು ಸುಮಾರು ನೂರಮೂವತ್ತು ವರ್ಷ ಮೊದಲು.

ಕಂಪನಿ ಹುಟ್ಟಿದ್ದು 1882ರಲ್ಲಿ. ಅದರ ಹಿಂದೆ 1876ರಿಂದ 78ರವರೆಗಿನ ಭೀಕರ ಬರವಿತ್ತು. ಧಾರವಾಡ, ವಿಜಯಪುರ, ಬಳ್ಳಾರಿ ಸೀಮೆಯಲ್ಲಿ ಜನ ಹಸಿದು ಸಾಯುತ್ತಿದ್ದಾಗ ಬೇರೆಡೆಯ ಧಾನ್ಯವನ್ನು ಇಲ್ಲಿಗೆ ತರಲು ಎತ್ತಿನ ಬಂಡಿ ಬಿಟ್ಟರೆ ಗತಿಯಿರಲಿಲ್ಲ. ಬರದ ಪಾಠವೆಂದು ಸರಕಾರ ರೈಲು ಹಾಕಿಸಲು ಹೊರಟಿತು. ಹತ್ತಿಯನ್ನು ಬಂದರಿಗೆ ಸಾಗಿಸುವ ಆಸೆಯೂ ಜೊತೆಗಿತ್ತೆನ್ನಿ. ಗದಗದಿಂದ ಹೋಟಗಿಗೆ, ಬಳ್ಳಾರಿಯಿಂದ ಹುಬ್ಬಳ್ಳಿಗೆ, ಅಲ್ಲಿಂದ ಲೋಂಡಾ ದಾಟಿ ಕ್ಯಾಸಲ್‌ರಾಕ್ ಘಟ್ಟದತ್ತ ಮೀಟರ್‌ಗೇಜ್ ಹಳಿ ಬಿತ್ತು. ಖರ್ಚು ಕಡಿಮೆ ಇರಲೆಂದು ಎಲ್ಲ ಕಡೆ ಒಂಟಿ ಹಳಿ.

ಒಂಟಿ ಹಳಿಯೆಂದರೆ ಹೋಗುವ ಗಾಡಿಗೂ ಬರುವ ಗಾಡಿಗೂ ಅದೇ ದಾರಿ. ಎದುರುಬದುರಾಗಿ ದಾಟಬೇಕಾದರೆ ಸ್ಟೇಷನ್ನಿನಲ್ಲೇ ದಾಟಬೇಕು. ನವಲೂರಿನ ಮಾಸ್ತರರು ಧಾರವಾಡದ ಕಡೆ ಗಾಡಿ ಬಿಡುವ ಹೊತ್ತಿಗೆ ಧಾರವಾಡದ ಮಾಸ್ತರರು ಇತ್ತ ಇನ್ನೊಂದನ್ನು ಬಿಟ್ಟರೆ ಮುಂದಿನದನ್ನು ಹೇಳಬೇಕಿಲ್ಲ. ಮೊದಮೊದಲು ಇದಕ್ಕೆ ತಂತಿಯೇ ಆಧಾರ. ಒಬ್ಬರು ಕೇಳುವುದು, ಇನ್ನೊಬ್ಬರು ‘ಲೈನ್ ಕ್ಲಿಯರ್’ ಕೊಡುವುದು, ಅದನ್ನು ಚೀಟಿಯಲ್ಲಿ ಬರೆದು ಡ್ರೈವರನ ಕೈಗೆ ಕೊಡುವುದು. ಸರಳ ವ್ಯವಸ್ಥೆ. ಆದರೆ ಎಲ್ಲವೂ ಮನುಷ್ಯರ ನೆನಪು, ಕೈಬರಹ, ನಂಬಿಕೆಯ ಮೇಲೆ ನಿಂತದ್ದು.

ಅದು ಹೇಗೆ ಕೈಕೊಡುತ್ತದೆ ಎಂಬುದನ್ನು ಇಂಗ್ಲೆಂಡ್ 1874ರ ಸೆಪ್ಟೆಂಬರ್ 10ರ ರಾತ್ರಿ ಕಂಡಿತ್ತು. ನಾರ್ವಿಚ್ ಸ್ಟೇಷನ್ನಿನ ಇನ್‌ಸ್ಪೆಕ್ಟರ್ ಕೂಪರ್, ಮುಂದಿನ ಬ್ರಂಡಲ್ ಸ್ಟೇಷನ್ನಿನಿಂದ ಮೇಲ್ ಗಾಡಿಯನ್ನು ಕರೆಸಿಕೊಳ್ಳುವ ಮಾತನ್ನು ತಂತಿ ಗುಮಾಸ್ತ ರಾಬ್ಸನ್ನನ ಬಳಿ ಆಡಿದ. ಇನ್‌ಸ್ಪೆಕ್ಟರರ ಸಹಿ ಬೀಳದೆ ತಂತಿ ಕಳಿಸಬಾರದೆಂಬುದು ನಿಯಮ. ತಂತಿ ಸಹಿಯಿಲ್ಲದೆ ಹೋಯಿತು. ಸಹಿ ಮಾಡಿಲ್ಲವಾದ್ದರಿಂದ ತಂತಿ ಹೋಗಿಲ್ಲವೆಂದು ಕೂಪರನ ಲೆಕ್ಕ. ಹೇಳಿದ್ದಾರಾದ್ದರಿಂದ ಕಳಿಸಬೇಕೆಂದು ರಾಬ್ಸನ್ನನ ಲೆಕ್ಕ. ಇತ್ತಲಿಂದ ಎಕ್ಸ್‌ಪ್ರೆಸ್ ಹೊರಟಿತು, ಅತ್ತಲಿಂದ ಮೇಲ್. ತಪ್ಪು ಗೊತ್ತಾಗಿ ಓಡಿಬಂದು ಮತ್ತೆ ತಂತಿ ಹೊಡೆದಾಗ ಮೇಲ್ ಹೊರಟುಹೋಗಿತ್ತು. ಥಾರ್ಪ್ ಎಂಬಲ್ಲಿ ನಡೆದ ಆ ಡಿಕ್ಕಿಯಲ್ಲಿ 25 ಮಂದಿ ಸತ್ತರು. ಒಂದೇ ಸ್ಟೇಷನ್ನಿನ ಒಂದೇ ಸೂರಿನಡಿಯ ಇಬ್ಬರ ತಲೆಯಲ್ಲಿ ಒಂದೇ ಹಳಿಯ ಬಗ್ಗೆ ಎರಡು ಸತ್ಯಗಳಿದ್ದವು.

ಈ ಅಪಘಾತದ ಬೆನ್ನಿಗೆ ಎಡ್ವರ್ಡ್ ಟೈಯರ್ ಎಂಬ ಎಂಜಿನಿಯರ್ ಒಂದು ಉಪಾಯ ಹುಡುಕಿ 1878ರಲ್ಲಿ ಪೇಟೆಂಟ್ ಪಡೆದ. ಎರಡು ಸ್ಟೇಷನ್ನಿನಲ್ಲಿ ಒಂದೊಂದು ಪೆಟ್ಟಿಗೆ, ನಡುವೆ ವಿದ್ಯುತ್ತಿನ ತಂತಿ, ಪೆಟ್ಟಿಗೆಯೊಳಗೆ ಲೋಹದ ಬಿಲ್ಲೆಗಳು. ಬಿಲ್ಲೆ ಕೈಯಲ್ಲಿಲ್ಲದ ಡ್ರೈವರ್ ಆ ಭಾಗಕ್ಕೆ ಕಾಲಿಡುವಂತಿಲ್ಲ. ಇದೇ ತತ್ತ್ವದ ಮೇಲೆ ಬಂದ ‘ನೀಲ್ಸ್ ಬಾಲ್ ಟೋಕನ್’ ಎಂಬ ಯಂತ್ರ ಭಾರತದ ಒಂಟಿ ಹಳಿಗಳಲ್ಲಿ ದಶಕಗಟ್ಟಲೆ ದುಡಿಯಿತು. ಅದರಲ್ಲಿ ಬಿಲ್ಲೆಯ ಜಾಗದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟರ ಲೋಹದ ಗುಂಡು, ಅದರ ಮೇಲೆ ಎರಡೂ ಸ್ಟೇಷನ್ನಿನ ಗುರುತು. ಹಳೆಯ ಗಾಡಿಗಳಲ್ಲಿ ಓಡಾಡಿದವರಿಗೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬೆತ್ತದ ದೊಡ್ಡ ಬಳೆ ಎತ್ತಿ ಹಿಡಿದು ನಿಂತ ಪಾಯಿಂಟ್ಸ್‌ಮನ್ ನೆನಪಿರಬೇಕು. ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಇರುತ್ತಿದ್ದದ್ದು ಈ ಗುಂಡು. ಓಡುವ ಎಂಜಿನ್ನಿನಿಂದ ಸಹಾಯಕ ಡ್ರೈವರ್ ಕೈ ಚಾಚಿ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಹಿಂದಿನ ಭಾಗದ ಗುಂಡನ್ನು ಕೆಳಗೆ ಎಸೆಯುತ್ತಿದ್ದ.

ಯಂತ್ರದ ಜಾಣತನ ನಿಧಾನಕ್ಕೆ ನೋಡುವಂಥದ್ದು. ನವಲೂರಿನಿಂದ ಧಾರವಾಡಕ್ಕೆ ಗಾಡಿ ಬಿಡಬೇಕೆಂದುಕೊಳ್ಳಿ. ನವಲೂರಿನ ಮಾಸ್ತರರು ಗಂಟೆ ಬಾರಿಸಿ ಧಾರವಾಡವನ್ನು ಎಚ್ಚರಿಸುತ್ತಾರೆ, ಪೆಟ್ಟಿಗೆಗೆ ಜೋಡಿಸಿದ ಫೋನಿನಲ್ಲಿ ಲೈನ್ ಕ್ಲಿಯರ್ ಕೇಳುತ್ತಾರೆ. ಹಿಂದಿನ ಗಾಡಿ ಪೂರ್ತಿ ಬಂದು ಸೇರಿದೆ, ಹಳಿ ಖಾಲಿಯಿದೆ ಎಂದು ಖಾತ್ರಿಯಾದ ಮೇಲೆ ಧಾರವಾಡದ ಮಾಸ್ತರರು ತಮ್ಮ ಪೆಟ್ಟಿಗೆಯಿಂದ ವಿದ್ಯುತ್ ಹರಿಸುತ್ತಾರೆ. ಆ ವಿದ್ಯುತ್ ಬಂದರಷ್ಟೇ ನವಲೂರಿನ ಹಿಡಿಕೆ ತಿರುಗುತ್ತದೆ, ಗುಂಡೊಂದು ಹೊರಗೆ ಉರುಳುತ್ತದೆ. ಒಂದು ಗುಂಡು ಹೊರಗಿರುವವರೆಗೆ ಎರಡೂ ಪೆಟ್ಟಿಗೆಗಳಿಂದ ಮತ್ತೊಂದು ಬರುವುದಿಲ್ಲ. ಮಾಸ್ತರರು ಎಷ್ಟೇ ಆತುರದಲ್ಲಿರಲಿ, ಎಷ್ಟೇ ಹಿರಿಯರಿರಲಿ, ಒಬ್ಬರ ಬಲದಿಂದ ಅದು ಜಗ್ಗದು. ಡ್ರೈವರ್ ಒಯ್ದ ಗುಂಡು ಧಾರವಾಡದ ಪೆಟ್ಟಿಗೆಯೊಳಗೆ ಬಿದ್ದ ಮೇಲೆಯೇ ಮುಂದಿನ ಗಾಡಿಯ ಮಾತು.

ಅಂದರೆ ಹಳಿ ಯಾರ ವಶದಲ್ಲಿದೆ ಎಂಬ ಸಂಗತಿ ನವಲೂರಿನ ಮಾಸ್ತರರ ತಲೆಯಲ್ಲೂ ಇಲ್ಲ, ಧಾರವಾಡದವರ ದಫ್ತರದಲ್ಲೂ ಇಲ್ಲ. ಇಬ್ಬರ ನಡುವಿನ ಯಂತ್ರದಲ್ಲಿದೆ.

ಇದರಲ್ಲೂ ಸಣ್ಣಪುಟ್ಟ ತೊಡಕುಗಳಿದ್ದವು. ಒಂದು ಭಾಗದ ಗುಂಡನ್ನು ಪಕ್ಕದ ಭಾಗದ ಪೆಟ್ಟಿಗೆಗೆ ತುರುಕಿದರೆ ಏನು ಗತಿ? ಅದಕ್ಕೆಂದೇ ಗುಂಡುಗಳನ್ನು ಬೇರೆ ಬೇರೆ ಮಾದರಿಯಲ್ಲಿ ಎರಕ ಹೊಯ್ದು, ಅಕ್ಕಪಕ್ಕದ ಭಾಗಗಳಲ್ಲಿ ಒಂದೇ ಮಾದರಿ ಬರದ ಹಾಗೆ ಹಂಚುತ್ತಿದ್ದರು. ಒಂದೇ ದಿಕ್ಕಿಗೆ ಹೆಚ್ಚು ಗಾಡಿ ಹೋದರೆ ಗುಂಡುಗಳೆಲ್ಲ ಒಂದು ಸ್ಟೇಷನ್ನಿನಲ್ಲಿ ರಾಶಿಬಿದ್ದು ಇನ್ನೊಂದರ ಪೆಟ್ಟಿಗೆ ಬರಿದಾಗುತ್ತಿತ್ತು. ಆಗ ಸಿಗ್ನಲ್ ಸಿಬ್ಬಂದಿ ಬಂದು, ಲೆಕ್ಕ ಬರೆದು, ಸಹಿ ಹಾಕಿ ಅತ್ತಲಿನದನ್ನು ಇತ್ತ ತಂದು ತುಂಬುತ್ತಿದ್ದರು. ಯಂತ್ರವೇ ಕೆಟ್ಟರೆ ಮತ್ತೆ ಕಾಗದದ ಲೈನ್ ಕ್ಲಿಯರ್. ಆದರೆ ಈ ಸಲ ಬರಿಯ ಮಾತಿಗೆ ಬೆಲೆಯಿಲ್ಲ. ಪ್ರತಿ ಮಾಸ್ತರರ ಬಳಿ ಗುಟ್ಟಿನ ಅಂಕಿಗಳ ಹಾಳೆಯೊಂದಿರುತ್ತದೆ, ಅದರಲ್ಲಿನ ‘ಪ್ರೈವೇಟ್ ನಂಬರ್’ ಹೇಳಿ ಮಾತನ್ನು ಖಾತ್ರಿಪಡಿಸಬೇಕು. ಥಾರ್ಪಿನ ಸಹಿಯಿಲ್ಲದ ತಂತಿಗೆ ರೈಲ್ವೆ ಕಂಡುಕೊಂಡ ಮದ್ದು ಇದು.

ಇತ್ತ ಕಂಪನಿಯ ಮೇಲಿನ ಧಣಿಗಳು ಬದಲಾಗುತ್ತಲೇ ಇದ್ದರು. 1908ರಲ್ಲಿ ಸದರ್ನ್ ಮರಾಠಾ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡಿತು, ಕೇಂದ್ರ ಕಚೇರಿ ಮದ್ರಾಸಿಗೆ ಹೋಯಿತು, ಧಾರವಾಡದ ಕಟ್ಟಡ ತೆರವಾಯಿತು. 1944ರಲ್ಲಿ ಸರಕಾರ ರೈಲ್ವೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆ, ಕೊನೆಗೆ 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯನ್ನೇ ಕೇಂದ್ರವಾಗಿಸಿಕೊಂಡ ನೈಋತ್ಯ ರೈಲ್ವೆ. ಇಷ್ಟೆಲ್ಲ ಪಲ್ಲಟದ ನಡುವೆಯೂ ಕುಂದಗೋಳದಲ್ಲೋ ಅಣ್ಣಿಗೇರಿಯಲ್ಲೋ ಗಾಡಿ ದಾಟಿಸುವ ಕ್ರಮ ಬದಲಾಗಲಿಲ್ಲ. ಸುರಕ್ಷೆಯ ಸಂಗತಿ ಅಕ್ಕಪಕ್ಕದ ಎರಡು ಸ್ಟೇಷನ್ನಿನ ನಡುವೆಯೇ ತೀರ್ಮಾನವಾಗುತ್ತಿದ್ದುದರಿಂದ ಕೇಂದ್ರ ಕಚೇರಿ ಧಾರವಾಡದಲ್ಲಿದ್ದರೇನು, ಮದ್ರಾಸಿನಲ್ಲಿದ್ದರೇನು.

ಹಾಗಾದರೆ ಕಂಟ್ರೋಲ್ ಆಫೀಸು ಎಂದು ಒಂದಿದೆಯಲ್ಲ, ಅದರ ಕೆಲಸವೇನು? ವಿಭಾಗದ ಕೇಂದ್ರದಲ್ಲಿ ಕೂತ ಸೆಕ್ಷನ್ ಕಂಟ್ರೋಲರ್ ಮುಂದೆ ದೊಡ್ಡ ಹಾಳೆ. ಒಂದು ಬದಿಗೆ ಸ್ಟೇಷನ್ನುಗಳ ಹೆಸರು, ಇನ್ನೊಂದು ಬದಿಗೆ ಗಂಟೆ ನಿಮಿಷ. ಪ್ರತಿ ಗಾಡಿಯೂ ಅದರ ಮೇಲೊಂದು ಓರೆಗೆರೆ. ಗೆರೆ ನೆಟ್ಟಗಿದ್ದಷ್ಟೂ ಗಾಡಿ ವೇಗದ್ದು, ಗೆರೆಗೆ ಗೆರೆ ಕತ್ತರಿಸಿದಲ್ಲಿ ಕ್ರಾಸಿಂಗ್. ಸ್ಟೇಷನ್ನುಗಳಿಂದ ಫೋನಿನಲ್ಲಿ ಬರುವ ಹೊತ್ತುಗಳನ್ನು ಗುರುತಿಸಿಕೊಳ್ಳುತ್ತ, ಯಾವ ಗೂಡ್ಸನ್ನು ಎಲ್ಲಿ ತಡೆದು ಯಾವ ಮೇಲನ್ನು ಮುಂದೆ ಬಿಡಬೇಕೆಂದು ಆತ ಹೇಳುತ್ತಾನೆ. ಈಗ ಆ ಹಾಳೆ ಕಂಪ್ಯೂಟರ್ ಪರದೆಗೆ ಬಂದಿದೆ. ಗಮನಿಸಬೇಕಾದ್ದೇನೆಂದರೆ ಕಂಟ್ರೋಲರನ ಮಾತೊಂದರಿಂದಲೇ ಗಾಡಿ ಹೊರಡುವುದಿಲ್ಲ. ಮುಂದಿನ ಸ್ಟೇಷನ್ನಿನ ಒಪ್ಪಿಗೆ ಬೇಕೇ ಬೇಕು. ಕಂಟ್ರೋಲ್ ಫೋನು ಸತ್ತರೂ ಗಾಡಿಗಳು ಓಡುತ್ತವೆ, ಕ್ರಾಸಿಂಗ್ ಗೊಂದಲವಾಗಿ ತಡವಾಗುತ್ತದೆ ಅಷ್ಟೆ. ಕೂಡಿಸುವವನು ಬೇರೆ, ಓಡಿಸುವವನು ಬೇರೆ. ಕೂಡಿಸುವವನ ಕೈಯಲ್ಲಿ ಸರಕೂ ಇರುವುದಿಲ್ಲ, ಎಂಜಿನ್ನೂ ಇರುವುದಿಲ್ಲ.

ಹೊರಗಿನವನನ್ನು ಇಟ್ಟುಕೊಳ್ಳುವ ಅಭ್ಯಾಸ ರೈಲ್ವೆಯಲ್ಲಿ ಇನ್ನೂ ಒಂದು ಕಡೆ ಇದೆ. ಹೊಸ ಹಳಿಯ ಮೇಲೆ ಪ್ರಯಾಣಿಕರ ಗಾಡಿ ಓಡಬೇಕಾದರೆ ರೈಲ್ವೆ ಸುರಕ್ಷಾ ಆಯುಕ್ತರು ಬಂದು ನೋಡಿ ಒಪ್ಪಬೇಕು. ಈ ಆಯುಕ್ತರು ರೈಲ್ವೆ ಇಲಾಖೆಯ ಕೈಕೆಳಗಿಲ್ಲ. 1941ರಲ್ಲಿ ಅವರನ್ನು ರೈಲ್ವೆ ಮಂಡಳಿಯಿಂದ ಬೇರ್ಪಡಿಸಿ ಅಂಚೆ ಮತ್ತು ವಾಯುಯಾನ ಇಲಾಖೆಗೆ ಸೇರಿಸಿದರು. ಇವತ್ತಿಗೂ ಅವರು ನಾಗರಿಕ ವಿಮಾನಯಾನ ಸಚಿವಾಲಯದವರು. ರೈಲಿನ ಸುರಕ್ಷೆಯನ್ನು ವಿಮಾನದ ಮಂತ್ರಿಗಳಿಗೆ ಒಪ್ಪಿಸಿದ್ದು ಕೇಳಲು ತಮಾಷೆ. ಗಾಡಿ ಓಡಿಸುವ ಅವಸರವಿರುವವರ ಕೈಗೇ ತಪಾಸಣೆಯನ್ನೂ ಕೊಡಬಾರದೆಂಬ ಲೆಕ್ಕ ಅದರ ಹಿಂದಿದೆ.

ಹಳಿಯ ವ್ಯವಹಾರ ಕಂಪ್ಯೂಟರಿಗೆ ಹತ್ತಿರವಾದದ್ದು ಟಿಕೆಟ್ಟಿನ ಕೌಂಟರಿನಲ್ಲಿ. ಮುಂಬೈಯಿಂದ ಹಿಂತಿರುಗುವ ಬರ್ತು ಬೇಕೆಂದರೆ ಇಲ್ಲಿಂದ ತಂತಿ ಕೊಟ್ಟು ಉತ್ತರಕ್ಕೆ ಕಾಯಬೇಕಾದ ಕಾಲವೊಂದಿತ್ತು. 1980ರ ದಶಕದ ನಡುವಿನಲ್ಲಿ ದೆಹಲಿಯಿಂದ ಶುರುವಾದ ಗಣಕೀಕೃತ ಕಾಯ್ದಿರಿಸುವಿಕೆ ಮುಂದೆ ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈ, ಸಿಕಂದರಾಬಾದ್ ಎಂಬ ಐದು ಕೇಂದ್ರಗಳಾಗಿ ನಿಂತಿತು. ಅವನ್ನು ‘ಕನ್ಸರ್ಟ್’ ಎಂಬ ತಂತ್ರಾಂಶದಿಂದ ಪೂರ್ತಿ ಬೆಸೆದದ್ದು 1999ರಲ್ಲಿ. ಒಂದು ಗಾಡಿಯ ಬರ್ತುಗಳ ಲೆಕ್ಕ ಒಂದೇ ಕೇಂದ್ರದಲ್ಲಿ. ಯಾವ ಊರಿನ ಕೌಂಟರಿನಲ್ಲಿ ಕೇಳಿದರೂ ಪ್ರಶ್ನೆ ಆ ಕೇಂದ್ರಕ್ಕೇ ಹೋಗುತ್ತದೆ. ಹಾಗಾಗಿ ಒಂದು ಬರ್ತು ಇಬ್ಬರಿಗೆ ಹೋಗದು. ಐದು ಕೇಂದ್ರ, ಬೆರಳೆಣಿಕೆಯಷ್ಟು ದೊಡ್ಡ ಯಂತ್ರ. ಯಾವುದು ಎಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಂಡರೆ ಸಾಕಾಗಿತ್ತು.

ಯಂತ್ರಗಳು ಅಗ್ಗವಾಗಿ, ಸಣ್ಣದಾಗಿ, ನೂರಾರಾಗಿ, ದಿನಕ್ಕೊಂದು ಕೆಡುವಂತಾದಾಗ ಹೀಗೆ ಮೊದಲೇ ಬರೆದಿಡುವುದು ಸಾಲದಾಯಿತು. ಅದರ ಬಿಸಿ ಮೊದಲು ತಟ್ಟಿದ ಕಸುಬುಗಳಲ್ಲಿ ಹುಡುಕಾಟವೂ ಒಂದು.

ಹುಡುಕುವ ಯಂತ್ರದ ಒಳಗುಟ್ಟು ಬಹಳ ಹಳೆಯದು. ದೊಡ್ಡ ಗ್ರಂಥದ ಕೊನೆಯ ಪದಸೂಚಿ ಹೇಗೋ ಹಾಗೆಯೇ: ಪದ ಒಂದು ಕಡೆ, ಅದು ಬರುವ ಪುಟಗಳ ಪಟ್ಟಿ ಇನ್ನೊಂದು ಕಡೆ. ಕನ್ನಡದಲ್ಲಿ ಕೆಲಸ ಸ್ವಲ್ಪ ಹೆಚ್ಚು. ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ, ಹುಬ್ಬಳ್ಳಿಯವರ ಎಂಬುದೆಲ್ಲ ‘ಹುಬ್ಬಳ್ಳಿ’ ಎಂದು ಹುಡುಕಿದವನಿಗೂ ಸಿಗಬೇಕಾದರೆ ಪ್ರತ್ಯಯಗಳನ್ನು ಕಳಚುವ ಏರ್ಪಾಡು ಬೇಕು. ಇಂಥ ಸೂಚಿ ಕಟ್ಟುವ ‘ಲೂಸೀನ್’ ಎಂಬ ತಂತ್ರಾಂಶವನ್ನು ಡಗ್ ಕಟಿಂಗ್ 1999ರಲ್ಲಿ ಬರೆದು ಹಂಚಿದ. ಅದರ ಮೇಲೆ ಸರ್ವರ್ ಒಂದನ್ನು ಕಟ್ಟಿದವನು ಸಿನೆಟ್ ಕಂಪನಿಯ ಯೋನಿಕ್ ಸೀಲಿ, 2004ರಲ್ಲಿ. ‘ಸೋಲರ್’ ಎಂಬ ಆ ಸರ್ವರನ್ನು ಕಂಪನಿ 2006ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಕೊಟ್ಟಿತು. ಅಲ್ಲಿಂದ ಅದು ಯಾರು ಬೇಕಾದರೂ ಇಳಿಸಿಕೊಂಡು ಬಳಸುವ, ತಿದ್ದುವ ಸೊತ್ತು.

ಬೆಂಗಳೂರಿನ ಕೈ ಇದರಲ್ಲಿ ಬೇಗನೆ ಸೇರಿತು. ಎಒಎಲ್ ಕಂಪನಿಯ ಬೆಂಗಳೂರು ಕಚೇರಿಯಲ್ಲಿದ್ದ ನೋಬಲ್ ಪಾಲ್ ಮತ್ತು ಶಾಲಿನ್ ಶೇಖರ್ ಮಂಗರ್, ಡೇಟಾಬೇಸಿನಿಂದ ನೇರವಾಗಿ ಸೂಚಿಗೆ ದತ್ತಾಂಶ ಎಳೆದುಕೊಳ್ಳುವ ಭಾಗವನ್ನು ಬರೆದರು. ಅದು 2008ರ 1.3ನೇ ಆವೃತ್ತಿಯಲ್ಲಿ ಬಂತು. ಅದೇ ಆವೃತ್ತಿಯಲ್ಲಿ ಸೂಚಿಯನ್ನು ತುಂಡು ಮಾಡಿ ಹಲವು ಯಂತ್ರಗಳಲ್ಲಿ ಹಂಚಿ ಹುಡುಕುವ ಸೌಲಭ್ಯವೂ ಬಂತು. ತುಂಡಿಗೆ ‘ಶಾರ್ಡ್’ ಎಂದು ಹೆಸರು, ಅದರ ನಕಲಿಗೆ ‘ರೆಪ್ಲಿಕಾ’.

ಸೋಲರಿನ ಮುಂದಿನ ದೊಡ್ಡ ಬಳಕೆಯ ಮುಂದಾಳಿಗೆ ಧಾರವಾಡದ ನಂಟಿದೆ. ನಂದನ್ ನಿಲೇಕಣಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಹೈಸ್ಕೂಲು ಓದಿದ್ದು ಧಾರವಾಡದ ಸೇಂಟ್ ಜೋಸೆಫ್ ಶಾಲೆಯಲ್ಲಿ, ಪಿಯುಸಿಯೂ ಅದೇ ಊರಿನಲ್ಲಿ. 2009ರಲ್ಲಿ ಅವರು ಗುರುತಿನ ಸಂಖ್ಯೆ ಪ್ರಾಧಿಕಾರದ ಅಧ್ಯಕ್ಷರಾದರು. ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ, ಮಹಾರಾಷ್ಟ್ರದ ನಂದೂರಬಾರ ಜಿಲ್ಲೆಯ ತೆಂಭಲಿ ಗ್ರಾಮದಲ್ಲಿ. ಕೋಟಿಗಟ್ಟಲೆ ಜನರ ನೋಂದಣಿಯನ್ನು ಒಂದೇ ದೊಡ್ಡ ಡೇಟಾಬೇಸಿನಲ್ಲಿ ತುಂಬದೆ, ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಕಡೆ ಇಟ್ಟರು. ಆ ಯೋಜನೆಯ ಎಂಜಿನಿಯರ್‌ಗಳೇ ಸಾರ್ವಜನಿಕವಾಗಿ ವಿವರಿಸಿದ ವಿನ್ಯಾಸದಲ್ಲಿ ಹೆಸರು ವಿಳಾಸದಂಥ ಆಯ್ದ ವಿವರಗಳನ್ನು ಹುಡುಕಲು ಸೋಲರ್ ಸರ್ವರುಗಳ ಸಮೂಹವಿತ್ತು, ಶಾರ್ಡುಗಳಾಗಿ ಹಂಚಿದ್ದು. ಬೆರಳಚ್ಚು, ಕಣ್ಣಿನ ಪಾಪೆಯ ಮಾದರಿಗಳಿಗೆ ಬೇರೆಯದೇ ಸಮೂಹ.

ಆ ದಿನಗಳಲ್ಲಿ ಸೋಲರ್ ಸಮೂಹ ನಡೆಸುವವರು ಶಾರ್ಡುಗಳ ವಿಳಾಸವನ್ನು ಕೈಯಾರೆ ಬರೆದುಕೊಡಬೇಕಿತ್ತು. ಇಂತಿಂಥ ಯಂತ್ರದಲ್ಲಿ ಹುಡುಕು ಎಂದು ಪ್ರಶ್ನೆಯ ಜೊತೆಗೇ ಪಟ್ಟಿ ಹೋಗಬೇಕು. ಒಂದು ಯಂತ್ರ ಸತ್ತರೆ ಪಟ್ಟಿ ತಿದ್ದಬೇಕು. ಹೊಸ ದಾಖಲೆಯನ್ನು ಬರೆಯುವ ಹಕ್ಕಿದ್ದ ಮುಖ್ಯ ಯಂತ್ರವೇ ಸತ್ತರೆ ಬೇರೊಂದಕ್ಕೆ ಪಟ್ಟ ಕಟ್ಟುವ ಕೆಲಸ ಮನುಷ್ಯರದ್ದು, ಅದೂ ಬಹುಮಟ್ಟಿಗೆ ರಾತ್ರಿ ಎರಡು ಗಂಟೆಗೆ. ಯಂತ್ರಗಳೇ ಪಟ್ಟ ಕಟ್ಟಿಕೊಳ್ಳಲಿ ಎಂದರೆ ಬೇರೆ ಅಪಾಯ. ನಡುವಿನ ಜಾಲ ಕಡಿದಾಗ ಎರಡು ಯಂತ್ರ ತಾವೇ ಮುಖ್ಯವೆಂದು ಬಗೆದು ಎರಡೂ ಬರೆಯತೊಡಗಿದರೆ ಸೂಚಿಯ ಎರಡು ನಕಲು ಎರಡು ದಾರಿ ಹಿಡಿಯುತ್ತವೆ. ನಾರ್ವಿಚ್ ಸ್ಟೇಷನ್ನಿನಲ್ಲಿ ಆದದ್ದೇ ಇಲ್ಲೂ.

ನಂಬಲಾಗದ ಜಾಲದ ಮೇಲೆ ಹಲವು ಯಂತ್ರಗಳು ಒಂದೇ ತೀರ್ಮಾನಕ್ಕೆ ಬರುವ ಬಗೆಯನ್ನು ಲೆಸ್ಲಿ ಲ್ಯಾಂಪೋರ್ಟ್ ಎಂಬ ಗಣಕ ವಿಜ್ಞಾನಿ 1990ರಲ್ಲೇ ಬರೆದಿದ್ದ. ಪುಣ್ಯಾತ್ಮ ಅದನ್ನು ಪ್ಯಾಕ್ಸೋಸ್ ಎಂಬ ಗ್ರೀಕ್ ದ್ವೀಪದ ಪ್ರಾಚೀನ ಸಂಸತ್ತಿನ ಕಟ್ಟುಕಥೆಯಾಗಿ ಬರೆದದ್ದರಿಂದ ಪ್ರಬಂಧ ಅಚ್ಚಾಗಲು 1998 ಬೇಕಾಯಿತು. ತಿರುಳು ಇಷ್ಟೇ: ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದ್ದೇ ತೀರ್ಮಾನ. ಯಾವ ಎರಡು ಬಹುಮತಗಳಲ್ಲೂ ಒಬ್ಬನಾದರೂ ಸಾಮಾನ್ಯ ಸದಸ್ಯನಿರುವುದರಿಂದ ಎರಡು ವಿರುದ್ಧ ತೀರ್ಮಾನಗಳು ಒಟ್ಟಿಗೆ ನಿಲ್ಲಲಾರವು. ಗೂಗಲ್ ಇದನ್ನು ಆಧರಿಸಿ ‘ಚಬ್ಬಿ’ ಎಂಬ ಬೀಗದ ಸೇವೆ ಕಟ್ಟಿ 2006ರಲ್ಲಿ ಪ್ರಬಂಧ ಪ್ರಕಟಿಸಿತು. ಯಾಹೂ ಕಂಪನಿಯ ತಂಡವೊಂದು ತನ್ನದೇ ದಾರಿಯಲ್ಲಿ ‘ಝೂಕೀಪರ್’ ಕಟ್ಟಿತು. ಹಂಟ್, ಕೊನಾರ್, ಜುಂಕೇರಾ, ರೀಡ್ ಎಂಬ ನಾಲ್ವರ ಪ್ರಬಂಧ 2010ರಲ್ಲಿ ಬಂತು. ಅಲ್ಲಿನ ಯೋಜನೆಗಳಿಗೆಲ್ಲ ಪ್ರಾಣಿಗಳ ಹೆಸರಿಡುವ ಖಯಾಲಿಯಿದ್ದುದರಿಂದ ಕಾಯುವವನಿಗೆ ಮೃಗಾಲಯದ ಕಾವಲುಗಾರನ ಹೆಸರು ಬಿತ್ತು. ಆ ಪ್ರಬಂಧ ಕೊಟ್ಟ ಉದಾಹರಣೆಗಳಲ್ಲಿ ಎರಡು ಹುಡುಕಾಟದವೇ: ಯಾಹೂ ಹುಡುಕಾಟಕ್ಕೆ ಪುಟಗಳನ್ನು ತರುವ ಸೇವೆ, ಮತ್ತು ‘ಕಟ್ಟಾ’ ಎಂಬ ಹಂಚಿದ ಸೂಚಿ.

ಸೋಲರ್ ಇದನ್ನು ಒಪ್ಪಿಕೊಂಡದ್ದು 2012ರ ಅಕ್ಟೋಬರಿನ 4.0 ಆವೃತ್ತಿಯಲ್ಲಿ, ‘ಸೋಲರ್‌ಕ್ಲೌಡ್’ ಎಂಬ ಹೆಸರಿನಲ್ಲಿ. ಅಂದಿನಿಂದ ಪಟ್ಟಿ ಬರೆಯುವ ಕೆಲಸ ಮನುಷ್ಯರಿಂದ ತಪ್ಪಿತು. ಯಾವ ಶಾರ್ಡ್ ಎಲ್ಲಿದೆ, ಅದರ ಮುಖ್ಯ ನಕಲು ಯಾವುದು, ಸಂರಚನೆಯ ಕಡತಗಳು ಏನು ಹೇಳುತ್ತವೆ ಎಂಬುದೆಲ್ಲ ಝೂಕೀಪರಿನಲ್ಲಿ. ಪ್ರತಿ ಸೋಲರ್ ಯಂತ್ರವೂ ಎದ್ದೊಡನೆ ಅಲ್ಲಿ ತನ್ನ ಹೆಸರಿನ ತಾತ್ಕಾಲಿಕ ಗುರುತೊಂದನ್ನು ನೆಡುತ್ತದೆ. ಯಂತ್ರ ಸತ್ತು ಸಂಪರ್ಕ ಕಡಿದು ಗೊತ್ತುಪಡಿಸಿದ ಅವಧಿ ಮುಗಿದರೆ ಗುರುತು ತಾನಾಗಿ ಅಳಿಯುತ್ತದೆ, ಉಳಿದವಕ್ಕೆ ಸುದ್ದಿ ಹೋಗುತ್ತದೆ, ಆ ಶಾರ್ಡಿನ ಇನ್ನೊಂದು ನಕಲು ಮುಖ್ಯವಾಗುತ್ತದೆ. ಝೂಕೀಪರಿನಲ್ಲಿ ಒಂದು ಕಡೆ ಇಡಬಹುದಾದ ಮಾಹಿತಿಯ ಮಿತಿ ಸಾಮಾನ್ಯವಾಗಿ 1 ಎಂಬಿ. ಬೇಕೆಂತಲೇ ಹಾಗೆ. ಸರಕು ಇಡುವ ಗೋದಾಮು ಅದಾಗಬಾರದು.

ಇಂಥ ಸಮೂಹವನ್ನು ಎಬ್ಬಿಸುವುದಕ್ಕೊಂದು ಕ್ರಮವಿದೆ. ಕಲಿಯುವವರಿಗೆಂದು ಸೋಲರ್ ತನ್ನ ಹೊಟ್ಟೆಯೊಳಗೇ ಒಂದು ಪುಟ್ಟ ಝೂಕೀಪರನ್ನು ಇಟ್ಟುಕೊಂಡಿದೆ. ಸೋಲರ್ 8983ನೇ ಪೋರ್ಟಿನಲ್ಲಿ ನಿಂತರೆ ಅದು ಸಾವಿರ ಕೂಡಿಸಿ 9983ರಲ್ಲಿ ನಿಲ್ಲುತ್ತದೆ. ಪ್ರಯೋಗಕ್ಕೆ ಅಷ್ಟು ಸಾಕು, ನಿಜವಾದ ಕೆಲಸಕ್ಕೆ ಸಲ್ಲದು: ಆ ಸೋಲರನ್ನು ನಿಲ್ಲಿಸಿದ ಗಳಿಗೆಯೇ ಒಳಗಿನ ಕಾವಲುಗಾರನೂ ಮಲಗುತ್ತಾನೆ, ಸಮೂಹ ಕುರುಡಾಗುತ್ತದೆ. ಹಾಗಾಗಿ ಮೊದಲು ಮೂರು ಬೇರೆ ಯಂತ್ರಗಳಲ್ಲಿ ಝೂಕೀಪರನ್ನು ನಿಲ್ಲಿಸಬೇಕು. ಮೂರರ ಸಂರಚನೆಯ ಕಡತದಲ್ಲೂ ಮೂವರ ವಿಳಾಸ; ಪ್ರತಿಯೊಂದರಲ್ಲೂ ‘ಮೈಐಡಿ’ ಎಂಬ ಕಡತ, ಅದರಲ್ಲಿ 1, 2 ಅಥವಾ 3 ಎಂಬ ಒಂದೇ ಅಂಕಿ. ಎದ್ದ ಮೂರು ತಮ್ಮೊಳಗೆ ಚುನಾವಣೆ ನಡೆಸಿ ಒಂದನ್ನು ನಾಯಕನಾಗಿಸಿಕೊಳ್ಳುತ್ತವೆ. ಆಮೇಲೆ ಸಂರಚನೆಯನ್ನು ಅಲ್ಲಿಗೆ ಏರಿಸಿ, ಮೂರರ ವಿಳಾಸವನ್ನೂ ಕೊಟ್ಟು ಸೋಲರ್ ಯಂತ್ರಗಳನ್ನು ಒಂದೊಂದಾಗಿ ಎಬ್ಬಿಸುವುದು. ಗ್ರಾಹಕರಿಗೆ ಝೂಕೀಪರಿನ ಬಾಗಿಲು ಸಾಮಾನ್ಯವಾಗಿ 2181. ಕ್ರಮ ತಪ್ಪಿಸಿ ಸೋಲರನ್ನು ಮೊದಲು ಎಬ್ಬಿಸಿದರೆ ಅದು ಸ್ವಲ್ಪ ಹೊತ್ತು ಬಾಗಿಲು ತಟ್ಟಿ, ಉತ್ತರ ಬಾರದೆ, ಕೈಚೆಲ್ಲುತ್ತದೆ.

ಮೂರೇ ಏಕೆ, ನಾಲ್ಕೇಕಲ್ಲ ಎಂಬುದು ಹೊಸಬರ ಮೊದಲ ಪ್ರಶ್ನೆ. ಮೂರರಲ್ಲಿ ಬಹುಮತಕ್ಕೆ ಎರಡು ಸಾಕು, ಒಂದು ಸತ್ತರೆ ನಡೆಯುತ್ತದೆ. ನಾಲ್ಕರಲ್ಲಿ ಬಹುಮತಕ್ಕೆ ಮೂರು ಬೇಕು, ಆಗಲೂ ಸಾಯಬಹುದಾದದ್ದು ಒಂದೇ. ನಾಲ್ಕನೆಯದರ ಖರ್ಚು ದಂಡ. ಎರಡು ಸತ್ತರೂ ನಡೆಯಬೇಕೆಂದರೆ ಐದಕ್ಕೆ ಹೋಗಬೇಕು.

ಮೂರರಲ್ಲಿ ಎರಡು ಒಟ್ಟಿಗೆ ಸತ್ತರೇನು? ಇಲ್ಲಿ ಸೋಲರಿನ ನಡವಳಿಕೆ ಕಂಟ್ರೋಲ್ ಫೋನು ಕಡಿದ ರೈಲಿಗಿಂತ ಎಚ್ಚರದ್ದು. ತನಗೆ ಕೊನೆಗೆ ತಿಳಿದಿದ್ದ ನಕಾಶೆಯನ್ನು ಹಿಡಿದು ಅದು ಹುಡುಕಾಟಕ್ಕೆ ಉತ್ತರ ಕೊಡುತ್ತಲೇ ಇರುತ್ತದೆ, ಏಕೆಂದರೆ ಹುಡುಕುವ ಪ್ರಶ್ನೆಗಳು ಝೂಕೀಪರಿನ ಮೂಲಕ ಹಾಯುವುದೇ ಇಲ್ಲ. ಹೊಸ ದಾಖಲೆ ಸೇರಿಸಲು ಬಂದರೆ ಮಾತ್ರ ಒಲ್ಲೆ ಎನ್ನುತ್ತದೆ. ಓದುವುದು ಹಳೆಯದಾದರೆ ನಡೆದೀತು, ಬರೆಯುವವರು ಇಬ್ಬರಾದರೆ ನಡೆಯದು.

ಹೊರಗಿನ ಕಾವಲುಗಾರನೇ ಬೇಕೇ ಎಂಬ ಜಗಳ ಈ ಕಸುಬಿನಲ್ಲಿ ಮುಗಿದಿಲ್ಲ. 2010ರಲ್ಲಿ ಬಂದ ಎಲಾಸ್ಟಿಕ್‌ಸರ್ಚ್ ಕೂಡ ಲೂಸೀನ್ ಮೇಲೆಯೇ ನಿಂತದ್ದು, ಆದರೆ ಕೂಡಿಸುವ ಕೆಲಸವನ್ನು ಮೊದಲಿನಿಂದ ತನ್ನೊಳಗೇ ಇಟ್ಟುಕೊಂಡಿತು. ಎಬ್ಬಿಸುವುದು ಸುಲಭವಾಯಿತು. ಆದರೆ ಬಹುಮತಕ್ಕೆ ಎಷ್ಟು ಯಂತ್ರ ಬೇಕೆಂಬ ಅಂಕಿಯನ್ನು ನಡೆಸುವವರೇ ಬರೆಯಬೇಕಿತ್ತು. ಬರೆಯಲು ಮರೆತವರ ಸಮೂಹ ಎರಡಾಗಿ ಸೀಳಿದ್ದುಂಟು. 2019ರ 7.0 ಆವೃತ್ತಿ ಆ ಅಂಕಿಯನ್ನೇ ತೆಗೆದುಹಾಕಿ ಒಳಗಿನ ಏರ್ಪಾಡನ್ನು ಹೊಸದಾಗಿ ಕಟ್ಟಿತು. ಸಂದೇಶ ಸಾಗಿಸುವ ಕಾಫ್ಕಾ ವರ್ಷಗಟ್ಟಲೆ ಝೂಕೀಪರನ್ನು ನೆಚ್ಚಿದ್ದು, 2025ರ 4.0 ಆವೃತ್ತಿಯಲ್ಲಿ ಅದನ್ನು ಪೂರ್ತಿ ಬಿಟ್ಟಿತು. ಸೋಲರ್ 9ನೇ ಸರಣಿಯಲ್ಲೂ ಝೂಕೀಪರಿನ ಜೊತೆಗೇ ಇದೆ. ಮೂರು ಹೆಚ್ಚಿನ ಯಂತ್ರಗಳ ಬಾಡಿಗೆ, ಅವನ್ನು ನೋಡಿಕೊಳ್ಳುವ ಒಬ್ಬರ ಸಂಬಳ ಎಂದು ಲೆಕ್ಕ ಹಾಕುವವರಿಗೆ ಇದು ದುಬಾರಿ. ಒಂದೆರಡು ಲಕ್ಷ ದಾಖಲೆಗಳಿರುವ ಕಾಲೇಜು ಗ್ರಂಥಾಲಯಕ್ಕೆ ಒಂದೇ ಸೋಲರ್ ಯಂತ್ರ, ದಿನಕ್ಕೊಮ್ಮೆ ಅದರ ನಕಲು, ಇಷ್ಟಿದ್ದರೆ ಧಾರಾಳವಾಯಿತು. ಅಲ್ಲಿ ಸಮೂಹ ಕಟ್ಟುವುದು ದಿನಕ್ಕೆರಡು ಗಾಡಿ ಓಡುವ ಕವಲು ಹಳಿಗೆ ಕಂಟ್ರೋಲ್ ಆಫೀಸು ತೆರೆದ ಹಾಗೆ. ಅಂಥ ಹಳಿಗಳಲ್ಲಿ ರೈಲ್ವೆ ಕೂಡ ಭಾಗಕ್ಕೊಂದು ಎಂಜಿನ್ನು ಬಿಟ್ಟು, ಅದು ತಿರುಗಿ ಬರುವವರೆಗೆ ಬೇರೆಯದನ್ನು ಬಿಡದೆ ಕೆಲಸ ಮುಗಿಸುತ್ತದೆ.